ಉಂಟು, ಆದರೆ ಇಲ್ಲ

ಕೆಡುವ ಮೊದಲೇ ರಿಪೇರಿ ಮಾಡಬೇಕು ಎಂಬುದು ಹಡಗಿನ ಕಂಪ್ಯೂಟರಿನ ಸಿದ್ಧಾಂತ. ಕೆಟ್ಟ ಮೇಲೂ ರಿಪೇರಿ ಆಗದಂತೆ ನೋಡಿಕೊಳ್ಳುವುದು ಬಿಡಿಭಾಗಗಳ ಸಿದ್ಧಾಂತ. ಇವೆರಡರ ನಡುವೆ ನಿಂತು ಬೆವರು ಒರೆಸಿಕೊಳ್ಳುವ ಪ್ರಾಣಿಗೆ ಮರೈನ್ ಇಂಜಿನಿಯರ್ ಎಂದು ಹೆಸರು.

ರಜೆಯಲ್ಲಿ ಊರಿಗೆ ಹೋದಾಗ ಜನ ಕೇಳುವುದುಂಟು: "ಅಷ್ಟು ತಿಂಗಳು ಹಡಗಿನಲ್ಲಿ ಎಂತ ಮಾಡ್ತೀರಿ ಮಾರಾಯ್ರೆ? ಅದು ಅದರಷ್ಟಕ್ಕೆ ಹೋಗ್ತದಲ್ಲ?" ಹೋಗುತ್ತದೆ, ಸುಳ್ಳಲ್ಲ. ಆದರೆ ಅದರಷ್ಟಕ್ಕೆ ಹೋಗುವಾಗ ಅದರೊಳಗಿನ ಪ್ರತಿಯೊಂದು ಪಂಪು, ಕಂಪ್ರೆಸರು, ಪ್ಯೂರಿಫೈಯರು ಎಷ್ಟು ಗಂಟೆ ಓಡಿತು ಎಂದು ಬರೆದಿಡಬೇಕು. ಇಷ್ಟು ಗಂಟೆಗೆ ವಾಲ್ವ್ ನೋಡು, ಇಷ್ಟು ಗಂಟೆಗೆ ಬೇರಿಂಗ್ ಬದಲಿಸು ಎಂದು ತಯಾರಕರ ಪುಸ್ತಕ ಹೇಳುತ್ತದೆ. ಪುಸ್ತಕ ಹೇಳಿದ್ದನ್ನು ಕಂಪ್ಯೂಟರ್ ಮರೆಯುವುದಿಲ್ಲ. ಕೆಲಸದ ದಿನ ಹತ್ತಿರ ಬಂದರೆ ಪರದೆಯಲ್ಲಿ ಹಳದಿ, ದಾಟಿದರೆ ಕೆಂಪು. ಪರದೆ ಕೆಂಪಾದರೆ ದಡದ ಕಚೇರಿಯಲ್ಲಿ ಸುಪರಿಂಟೆಂಡೆಂಟರ ಮುಖವೂ ಕೆಂಪಾಗುತ್ತದೆ. ಅದೂ ಗಂಟೆ ಲೆಕ್ಕದಲ್ಲೇ.

ನಾನು ತೀನ್ ಸಾಬ್ ಆಗಿದ್ದ ಕಾಲದ ಮಾತು. ನಮ್ಮ ಹಡಗುಗಳಲ್ಲಿ ಚೀಫ್ ಇಂಜಿನಿಯರ್ ಬಡಾ ಸಾಬ್, ಮೂರನೆಯವನು ತೀನ್ ಸಾಬ್, ನಾಲ್ಕನೆಯವನು ಚಾರ್ ಸಾಬ್, ಕರೆಂಟಿನವನು ಬತ್ತಿ ಸಾಬ್. ಎಣ್ಣೆಯ ಕೊಳೆ ತೆಗೆಯುವ ಪ್ಯೂರಿಫೈಯರಿಗೆ ಚಾರ್ ಸಾಬನೇ ಧಣಿ. ಅವನು ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ಹರಡಿ ಕೂತ. ಸೀಲ್ ರಿಂಗಿನ ಸೆಟ್ ಒಂದು ಇದೆ, ಇಂಥ ಕಪಾಟಿನ ಇಂಥ ಖಾನೆಯಲ್ಲಿ ಇದೆ ಎಂದು ಕಂಪ್ಯೂಟರ್ ಹೇಳಿತ್ತು. ಖಾನೆ ತೆರೆದರೆ ಒಳಗಿದ್ದದ್ದು ಯಾವುದೋ ಹಳೆಯ ಫ್ರಿಜ್ಜಿನ ಬಾಗಿಲ ಹಿಡಿ ಮತ್ತು ಎಂದೋ ಒಣಗಿ ಕಲ್ಲಾದ ಅಂಟಿನ ಟ್ಯೂಬು. ಹುಡುಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಬಂದವರು ನಮ್ಮ ಫಿಟ್ಟರ್. ಉಳ್ಳಾಲದ ಕಡೆಯವರು, ನನಗಿಂತ ಎಷ್ಟೋ ಹಿರಿಯರು, ಆದರೂ ಸಾರ್ ಎಂದೇ ಕರೆಯುತ್ತಿದ್ದರು.

"ಸೀಲ್ ರಿಂಗ್ ಉಂಟಾ?" ಅಂದೆ.

"ಉಂಟು ಸಾರ್. ಆದರೆ ಇಲ್ಲ."

"ಅಂದರೆ?"

"ಲಿಸ್ಟಿನಲ್ಲಿ ಇಲ್ಲ. ನನ್ನತ್ರ ಉಂಟು."

ಸ್ಟೀರಿಂಗ್ ಗೇರ್ ರೂಮಿನ ಮೂಲೆಯಲ್ಲಿ, ಪೇಂಟ್ ಡ್ರಮ್ಮಿನ ಹಿಂದೆ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅದು ಸುಖವಾಗಿತ್ತು. ಜೊತೆಗೆ ಇನ್ನೂ ಏನೇನೋ. "ಬಡಾ ಸಾಬ್‌ಗೆ ಹೇಳ್ಬೇಡಿ ಸಾರ್, ಅವರು ಲಿಸ್ಟಿಗೆ ಹಾಕ್ತಾರೆ" ಎಂದು ಫಿಟ್ಟರ್ ಕೈಮುಗಿದರು. ಲಿಸ್ಟಿಗೆ ಹಾಕಿದರೆ ಅದು ಇಲ್ಲವಾಗುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅಂದಿನಿಂದ ನಾನು ಹಡಗಿನ ಸಾಮಾನನ್ನು ಎರಡು ಜಾತಿ ಮಾಡಿಕೊಂಡಿದ್ದೇನೆ. ಲಿಸ್ಟಿನಲ್ಲಿದ್ದು ಹಡಗಿನಲ್ಲಿ ಇಲ್ಲದ್ದು. ಹಡಗಿನಲ್ಲಿದ್ದು ಲಿಸ್ಟಿನಲ್ಲಿ ಇಲ್ಲದ್ದು. ಎರಡರಲ್ಲೂ ಇರುವುದು ಡೆಕ್ಕಿನ ಪೊರಕೆ ಮಾತ್ರ. ಅದನ್ನು ಯಾರೂ ಅಡಗಿಸುವುದಿಲ್ಲ, ಅದು ಇದ್ದರೆ ಗುಡಿಸಬೇಕಾಗುತ್ತದಲ್ಲ.

ಅಡಗಿಸುವವರನ್ನು ಬೈಯುವುದು ಸುಲಭ. ಆದರೆ ಬ್ರೆಜಿಲಿನಲ್ಲಿ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟ ಹಡಗು ಸುಮಾರು ನಲವತ್ತು ದಿನ ನೀರಿನ ಮೇಲೆಯೇ ಇರುತ್ತದೆ. ನಡುವೆ ಒಂದು ಓ-ರಿಂಗ್ ಹರಿದರೆ ಪಕ್ಕದ ಮನೆಯಿಲ್ಲ, ಅಂಗಡಿಯಿಲ್ಲ, ಇರುವುದು ತಿಮಿಂಗಿಲ. ಹಿಂದಿನವನು ಬರೆದಿಟ್ಟ ಲಿಸ್ಟನ್ನು ನಂಬಿ ಒಮ್ಮೆ ಕೈಸುಟ್ಟುಕೊಂಡವನು ಮುಂದೆ ಒಂದೊಂದು ಸಾಮಾನನ್ನು ತನ್ನದೇ ಜಾಗದಲ್ಲಿ ಇಡಲು ಶುರುಮಾಡುತ್ತಾನೆ. ಎಲ್ಲರೂ ಹಾಗೆ ಇಟ್ಟದ್ದರಿಂದ ಲಿಸ್ಟು ಸುಳ್ಳಾಗುತ್ತದೆ. ಲಿಸ್ಟು ಸುಳ್ಳಾದ್ದರಿಂದ ಎಲ್ಲರೂ ಹಾಗೆ ಇಡುತ್ತಾರೆ. ಯಾರಿಂದ ಶುರುವಾಯಿತೆಂದು ಕೇಳಿದರೆ ಪ್ರತಿಯೊಬ್ಬನೂ ತನಗಿಂತ ಮೊದಲು ಇದ್ದವನ ಹೆಸರು ಹೇಳುತ್ತಾನೆ. ಆ ಮನುಷ್ಯ ಅಷ್ಟರಲ್ಲಿ ಮನೆಯಲ್ಲಿ ಆರಾಮವಾಗಿ ಗಂಜಿ ಉಣ್ಣುತ್ತಿರುತ್ತಾನೆ.

ಇನ್ನು ಮಡಿ ಸಾಮಾನು. ಅದಿರಿನಂಥ ಸರಕನ್ನು ರಾಶಿಯಾಗಿ ತುಂಬುವ ನಮ್ಮಂಥ ಹಡಗುಗಳಿಗೆ, ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಎಂ ಸಂಹಿತೆ 1998ರ ಜುಲೈ 1ರಿಂದ ಕಡ್ಡಾಯವಾಯಿತು. ಯಾವ ಯಂತ್ರ ಥಟ್ಟನೆ ನಿಂತರೆ ಅಪಾಯವೋ ಅದನ್ನು ಮೊದಲೇ ಗುರುತಿಸಿ, ಅದು ಕೈಕೊಡದಂತೆ ಏರ್ಪಾಡು ಮಾಡಬೇಕು ಎಂದು ಅದರ ಮಾತು. ಒಳ್ಳೆಯ ಮಾತೇ. ಅದರಿಂದಾಗಿ ಕೆಲವು ಬಿಡಿಭಾಗಗಳಿಗೆ 'ಕ್ರಿಟಿಕಲ್' ಎಂಬ ಪಟ್ಟ ಬಂತು. ಅವಕ್ಕೆ ಬೇರೆ ಕಪಾಟು, ಕೆಂಪು ಚೀಟಿ, ಬೀಗ. ನಮ್ಮ ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದಾಗ ನಾವು ಹೊಸ್ತಿಲಾಚೆ ನಿಂತು ತಿಂಡಿ ನೋಡುತ್ತಿದ್ದಂತೆ, ಇಂಜಿನಿಯರುಗಳು ಆ ಕಪಾಟಿನ ಮುಂದೆ ನಿಂತು ಹೊಸ ಪ್ಲಂಜರನ್ನು ನೋಡುತ್ತಾರೆ. ಮುಟ್ಟಿದರೆ ಸಂಖ್ಯೆ ಕನಿಷ್ಠಕ್ಕಿಂತ ಕಡಿಮೆಯಾಯಿತು, ಕಚೇರಿಗೆ ಕಾರಣ ಬರೆಯಬೇಕು, ಬೇರೆಯದು ಬರುವ ತನಕ ಪ್ರತಿವಾರ ವಿವರಣೆ ಕೊಡಬೇಕು. ಹಾಗಾಗಿ ಎಷ್ಟೋ ಬಡಾ ಸಾಬರು ಯಂತ್ರ ಕೆಟ್ಟಾಗಲೂ ಹಳೆಯದನ್ನೇ ಉಜ್ಜಿ, ತಿಕ್ಕಿ, ಹಾಕಿ ಓಡಿಸುತ್ತಾರೆ. ಆಪತ್ತಿಗೆಂದು ಇಟ್ಟ ಸಾಮಾನು ಆಪತ್ತಿನಲ್ಲೂ ಮಡಿಯಾಗಿಯೇ ಉಳಿಯುತ್ತದೆ. ಇನ್‌ಸ್ಪೆಕ್ಟರ್ ಬಂದಾಗ ಅದನ್ನು ಹೊರತೆಗೆದು, ಧೂಳು ಒರೆಸಿ, ತೋರಿಸಿ, ಒಳಗಿಡುತ್ತೇವೆ.

ಸಾಮಾನು ತರಿಸುವುದಂತೂ ಶುದ್ಧ ಚೌಕಾಸಿ. ನನಗೆ ಬೇಕಾದದ್ದು ಹತ್ತು. ಹತ್ತು ಬರೆದರೆ ಕಚೇರಿ ಆರು ಕೊಡುತ್ತದೆ. ಅದಕ್ಕೆ ನಾನು ಹದಿನಾರು ಬರೆಯುತ್ತೇನೆ. ನಾನು ಹದಿನಾರು ಬರೆಯುತ್ತೇನೆಂದು ಸುಪರಿಂಟೆಂಡೆಂಟರಿಗೆ ಗೊತ್ತು, ಏಕೆಂದರೆ ಅವರೂ ಮೊದಲು ಬಡಾ ಸಾಬ್ ಆಗಿದ್ದವರೇ. ಅವರು ಆರೇ ಕೊಡುತ್ತಾರೆ. ನಮ್ಮಿಬ್ಬರಿಗೂ ಸಮಾಧಾನ. ಅವರು ಹತ್ತು ಉಳಿಸಿದರು, ನಾನು ಆರು ಗೆದ್ದೆ.

ಬೇಡಿಕೆ ಒಪ್ಪಿಗೆಯಾದರೆ ಪೆಟ್ಟಿಗೆಯ ಲೋಕಸಂಚಾರ ಆರಂಭ. ನಮ್ಮದು ಸರಕು ಸಿಕ್ಕಿದ ಕಡೆ ಹೋಗುವ ಹಡಗು. ಎಕ್ಸಾಸ್ಟ್ ವಾಲ್ವಿನ ಸ್ಪಿಂಡಲ್ ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ ವಿಮಾನದಲ್ಲಿ ಹಾರುತ್ತದೆ. ಅಷ್ಟರಲ್ಲಿ ಬಾಡಿಗೆಗೆ ಹಿಡಿದವರ ಮನಸ್ಸು ಬದಲಾಗಿ ನಾವು ಬ್ರೆಜಿಲಿನ ಸಾಂಟೋಸಿನತ್ತ ತಿರುಗಿರುತ್ತೇವೆ. ಪೆಟ್ಟಿಗೆ ಸಾಂಟೋಸಿಗೆ ಬರುವಾಗ ಕ್ರಿಸ್‌ಮಸ್ ರಜೆ. ಆಮೇಲೆ ಸಿಂಗಪುರ. ಅಲ್ಲಿ ಲಾಂಚಿನಲ್ಲಿ ಬಂದು ಕ್ರೇನಿನಲ್ಲಿ ಮೇಲೇರಿದಾಗ ಅದು ನಮಗಿಂತ ಹೆಚ್ಚು ದೇಶ ನೋಡಿರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಶಿಪ್ ಸ್ಪೇರ್ಸ್ ಇನ್ ಟ್ರಾನ್ಸಿಟ್' ಎಂಬ ಚೀಟಿ. ಸುಂಕ ಕೇಳಬೇಡಿ ಎಂದು ಅದರ ತಾತ್ಪರ್ಯ. ನಾನು ಕಂಡಂತೆ ಹಡಗಿನ ಕಾಗದಪತ್ರಗಳಲ್ಲೆಲ್ಲ ಅಕ್ಷರಶಃ ನಿಜವಾದದ್ದು ಅದೊಂದೇ. ಯಾವಾಗಲೂ ಟ್ರಾನ್ಸಿಟ್ಟಿನಲ್ಲೇ.

ಗ್ಯಾಸ್ಕೆಟ್ ಬಂದರೆ ಇನ್ನೊಂದು ಸಂಭ್ರಮ. 2011ರಿಂದ ಹಡಗುಗಳಲ್ಲಿ ಹೊಸದಾಗಿ ಕಲ್ನಾರು ಅಳವಡಿಸುವಂತಿಲ್ಲ. ಆದ್ದರಿಂದ ಅಂಗೈಯಗಲದ ಗ್ಯಾಸ್ಕೆಟ್ಟಿನ ಜೊತೆ ಅದರಲ್ಲಿ ಕಲ್ನಾರಿಲ್ಲವೆಂಬ ಪತ್ರ ಬರುತ್ತದೆ. ಪತ್ರ ಕಳೆದುಹೋದರೆ ಗ್ಯಾಸ್ಕೆಟ್ ಇದ್ದೂ ದಂಡ. ಗ್ಯಾಸ್ಕೆಟ್ ಕಳೆದು ಪತ್ರ ಉಳಿದರೆ ಯಾರೂ ಏನೂ ಕೇಳುವುದಿಲ್ಲ.

ಒಂದು ಸಾಮಾನಿಗೆ ಮಾತ್ರ ಎಲ್ಲರೂ ಕಾದಿರುತ್ತಾರೆ. ಚಿಂದಿ ಬಟ್ಟೆ. ಇಂಜಿನ್ ರೂಮಿಗೆ ಕೈ ಒರೆಸಲು ಮೂಟೆಗಟ್ಟಲೆ ಬೇಕು. ಯಾವುದೋ ದೇಶದವರು ಉಟ್ಟು ಬಿಟ್ಟದ್ದನ್ನು ಕತ್ತರಿಸಿ, ಕಿಲೋ ಲೆಕ್ಕದಲ್ಲಿ ಕಟ್ಟಿ ಕಳಿಸುತ್ತಾರೆ. ಕತ್ತರಿಸುವವರೂ ಮನುಷ್ಯರೇ, ಕೆಲವನ್ನು ಹಾಗೇ ಬಿಟ್ಟಿರುತ್ತಾರೆ. ಮೂಟೆ ಬಿಚ್ಚುವ ದಿನ ಅಡುಗೆ ಭಟ್ಟನೂ ಕೆಳಗಿಳಿದು ಬರುತ್ತಾನೆ. ಒಮ್ಮೆ ಅದರಲ್ಲಿ ಸಿಕ್ಕಿದ ಹೂವಿನ ಅಂಗಿ ತೊಟ್ಟು ನಮ್ಮ ಮೋಟರ್‌ಮ್ಯಾನ್ ಬಂದರಿನಲ್ಲಿ ತಿರುಗಿ ಬಂದ. ಬತ್ತಿ ಸಾಬ್‌ಗೆ ಸಿಕ್ಕಿದ್ದು ಕೋಟು, ಒಂದು ತೋಳಿನದು. ಸ್ಟೋರ್ ಲೆಕ್ಕದಲ್ಲಿ ಎರಡೂ 'ಬಳಸಿ ಮುಗಿದಿದೆ' ಎಂದು ದಾಖಲಾದವು.

ಇದನ್ನೆಲ್ಲ ಮಲ್ಪೆಯ ಭಾವನಿಗೆ ಹೇಳಿದರೆ ನಗುತ್ತಾರೆ. ಅವರದು ಟ್ರಾಲ್ ಬೋಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದೇ ಅವರ ಮೇಂಟೆನೆನ್ಸ್. ಕಂಪ್ಯೂಟರು ಬೇಡ, ಸರಕಾರವೇ ದಿನ ನಿಗದಿ ಮಾಡುತ್ತದೆ. ಬಲೆ ಹೆಣೆಯುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು. ಅವರ ಬೋಟಿನ ಇಂಜಿನ್ ಅಶೋಕ್ ಲೇಲ್ಯಾಂಡ್ ಲಾರಿಯ ದಾಯಾದಿ. ಪಿಸ್ಟನ್ ರಿಂಗ್ ಬೇಕೆಂದರೆ ಕೊರಿಯಾಕ್ಕೆ ಬರೆಯಬೇಕಿಲ್ಲ, ಸ್ಕೂಟರ್ ಹತ್ತಿದರೆ ಸಾಕು.

"ಹಾಗಾದರೆ ನಿಮಗೆ ಚಿಂತೆಯೇ ಇಲ್ಲ ಭಾವ" ಅಂದೆ.

"ಚಿಂತೆ ಇಲ್ಲ ಅಂತ ಯಾರು ಹೇಳಿದ್ದು? ಜುಲೈ ಕೊನೆ ವಾರ ಬಂದು ನೋಡು. ಎಲ್ಲ ಬೋಟಿಗೂ ಅದೇ ಸಾಮಾನು, ಅದೇ ವಾರ. ಅಂಗಡಿಯವ ಫೋನೇ ಎತ್ತುವುದಿಲ್ಲ."

"ಮತ್ತೆ ನೀವೆಂತ ಮಾಡ್ತೀರಿ?"

ಭಾವ ಆಚೀಚೆ ನೋಡಿ, ದನಿ ತಗ್ಗಿಸಿದರು. "ಮೇ ತಿಂಗಳಲ್ಲೇ ತಂದಿಡ್ತೇನೆ. ನಿನ್ನ ಅಕ್ಕನ ಅಕ್ಕಿ ಡ್ರಮ್ಮಿನಲ್ಲಿ. ಬೋಟಲ್ಲಿಟ್ಟರೆ ಪಕ್ಕದ ಬೋಟಿನವ ಕೇಳ್ತಾನೆ. ಕೇಳಿದರೆ ಕೊಡದೆ ಇರ್ಲಿಕ್ಕೆ ಆಗುದಿಲ್ಲ, ನಾಳೆ ಸಮುದ್ರದಲ್ಲಿ ನಂದು ನಿಂತರೆ ಎಳ್ಕೊಂಡು ಬರುವವ ಅವನೇ."

ಒಳಗಿನಿಂದ ಅಕ್ಕನ ದನಿ: "ಮೊನ್ನೆ ಅನ್ನದಲ್ಲಿ ಗ್ರೀಸ್ ವಾಸನೆ ಬಂದದ್ದು ಅದಕ್ಕಾ?"

ನಾನು ಬಡಾ ಸಾಬ್ ಆದ ಮೇಲೆ ಕಂಪನಿಗೆ ಸುಧಾರಣೆಯ ಹುಮ್ಮಸ್ಸು ಬಂತು. ಹಡಗಿನ ಪ್ರತಿ ಸಾಮಾನಿಗೂ ಬಾರ್‌ಕೋಡ್ ಚೀಟಿ. ಯಂತ್ರ ಹಿಡಿದು ಬೀಪ್ ಅನ್ನಿಸಿದರೆ ಕಚೇರಿಗೆ ಲೆಕ್ಕ ಹೋಗುತ್ತದೆ. ಇನ್ನು ಅಡಗಿಸುವ ಪ್ರಶ್ನೆಯೇ ಇಲ್ಲ, ಪ್ರಾಮಾಣಿಕವಾಗಿ ಎಲ್ಲವನ್ನೂ ಹೊರಗಿಡಿ ಎಂದು ಆದೇಶ. ಹುಡುಗರು ಬಂಕಿನ ಕೆಳಗಿನಿಂದ, ಡ್ರಮ್ಮಿನ ಹಿಂದಿನಿಂದ, ಪೈಪಿನ ಸಂದಿಯಿಂದ ಎಲ್ಲ ತಂದು ಸುರಿದರು. ಇಂಥ ಶ್ರೀಮಂತ ಹಡಗಿನಲ್ಲಿ ನಾನಿದ್ದೆನೆಂದು ನನಗೇ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಕಚೇರಿಯ ಉತ್ತರ ಬಂತು: ನಿಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚು ಇದೆ, ಹೆಚ್ಚುವರಿಯನ್ನು ಮುಂದಿನ ಬಂದರಿನಲ್ಲಿ ಜೋಡಿ ಹಡಗಿಗೆ ಇಳಿಸಿಕೊಡಿ.

ಇಳಿಸಿಕೊಟ್ಟೆವು. ಇಳಿಸಿಕೊಟ್ಟ ಮೇಲೆ ನಮ್ಮ ಹಡಗಿನಲ್ಲಿ ಏನೇನು ಕೆಟ್ಟಿತು ಎಂದು ಓದುಗರು ಊಹಿಸಿಕೊಳ್ಳಲಿ. ನಾನು ಹೇಳಿದರೆ ಕತೆ ಕಟ್ಟಿದೆ ಎನ್ನುತ್ತೀರಿ.

ಮರುವರ್ಷದ ಎಣಿಕೆಯಲ್ಲಿ ಲಿಸ್ಟೂ ಕಪಾಟೂ ಅಣುವಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡವು. ಇಡೀ ಕಂಪನಿಯಲ್ಲಿ ಇಂಥ ನಿಖರವಾದ ಹಡಗು ಇನ್ನೊಂದಿಲ್ಲ ಎಂದು ಅಭಿನಂದನೆಯ ಇಮೇಲ್ ಬಂತು. ಅದನ್ನು ಮುದ್ರಿಸಿ ಇಂಜಿನ್ ಕಂಟ್ರೋಲ್ ರೂಮಿನಲ್ಲಿ ಅಂಟಿಸುತ್ತಿದ್ದಾಗ ಹೊಸ ಫಿಟ್ಟರ್ ಹಿಂದೆ ಬಂದು ನಿಂತರು. ಇವರು ಕಾರವಾರದವರು.

"ಸಾಬ್, ಚೀಟಿ ಅಂಟಿಸದ ಪೆಟ್ಟಿಗೆ ಇನ್ನೂ ಎರಡು ಉಳಿದಾವೆ. ನನ್ನ ಬಂಕಿನ ಕೆಳಗೆ ಜಾಗ ಮುಗೀತು. ಎಲ್ಲಿಡಲಿ?"

ನನ್ನ ಕ್ಯಾಬಿನ್ನಿನ ಸೋಫಾದ ಕೆಳಗೆ ಎರಡು ದೊಡ್ಡ ಡ್ರಾಯರುಗಳಿದ್ದವು. ಕೀಲಿ ಕೊಟ್ಟೆ.