ಗೆಣಸುರಾಯರು

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರಿಗೆಲ್ಲ ಗೆಣಸುರಾಯರು ಗೊತ್ತು. ಗೊತ್ತಾಗಿ ಸಾಕಾದವರು ಸಂಜೆ ನಡೆಯುತ್ತಾರೆ. ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ. ಅದು ಗೇಟಿನ ಹಿತ್ತಾಳೆ ಫಲಕದಲ್ಲೂ ಪಿಂಚಣಿ ಕಾಗದದಲ್ಲೂ ಕ್ಷೇಮವಾಗಿದೆ. ಬಾಯಲ್ಲಿ ಅದನ್ನು ಹೇಳುವವನು ಕೊರಿಯರ್ ಹುಡುಗ ಒಬ್ಬನೇ.

ಇಂಥವರು ಬಡಾವಣೆಗೊಬ್ಬರಂತೆ ಎಲ್ಲ ಊರಲ್ಲೂ ಸಿಗುತ್ತಾರೆ. ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲವೂ ಕ್ಯಾಂಟೀನಿನ ಬೋಂಡಾ ಬಿಸಿಯಿದೆಯೋ ಇಲ್ಲವೋ ಎಂಬುದನ್ನು ಬಿಟ್ಟು ಆಹಾರದ ಬಗ್ಗೆ ಬೇರೆ ಯಾವ ಅಭಿಪ್ರಾಯವೂ ಇರುವುದಿಲ್ಲ. ನಿವೃತ್ತಿಯ ಮರುವರ್ಷ ರಕ್ತಪರೀಕ್ಷೆ. ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಅಂದಿನಿಂದ ಆತ ಮನುಷ್ಯನಲ್ಲ, ಇಲಾಖೆ. ನಮ್ಮ ರಾಯರು ಮೊದಲು ಸಿರಿಧಾನ್ಯದ ಇಲಾಖೆಯಾಗಿದ್ದರು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಅದನ್ನು ತಮ್ಮ ಹೆಸರಿಗೇ ಬಂದ ಆದೇಶವೆಂದು ತಿಳಿದು ಡಿಸೆಂಬರ್ 31ರ ರಾತ್ರಿ ಊಟದವರೆಗೂ ಚಾಚೂ ತಪ್ಪದೆ ಪಾಲಿಸಿದರು. ಜನವರಿ ಒಂದಕ್ಕೆ ಕಡತ ಮುಚ್ಚಿದರು, ಬೆಳಿಗ್ಗೆ ಉದ್ದಿನ ದೋಸೆ ತಿಂದರು.

ಆಮೇಲೆ ನಂಜರಾಜ ಬಹದ್ದೂರ್ ಛತ್ರದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯಿತು. ಸೊಪ್ಪಿನ ಬೀಜದ ಪೊಟ್ಟಣ ತನ್ನಿ ಎಂದು ಹೆಂಡತಿ ಕಳಿಸಿದ್ದರು. ರಾಯರು ಜೋಯಿಡಾದ ಕುಣಬಿಗಳು ತಂದಿಟ್ಟಿದ್ದ, ಒಂದು ಕೈಯಲ್ಲಿ ಎತ್ತಲಾಗದ ಗೆಡ್ಡೆಗಳ ಮುಂದೆ ನಿಂತವರು ಮಧ್ಯಾಹ್ನದವರೆಗೆ ಕದಲಲಿಲ್ಲ. ಎರಡು ಚೀಲ ಗೆಡ್ಡೆ, ಒಂದು ಹಿಡಿ ಕರಪತ್ರಗಳೊಡನೆ ಆಟೋದಿಂದ ಇಳಿದರು. ಬೀಜದ ಪೊಟ್ಟಣ ಬರಲಿಲ್ಲ.

ರಾಯರ ಮೊದಲ ಪಾಠ ವಂಶಾವಳಿ. ಕೆರೆಯ ಮೊದಲ ಬೆಂಚಿನಿಂದ ಎರಡನೇ ಬೆಂಚಿನವರೆಗೆ ಅದು ನಡೆಯುತ್ತದೆ. “ಸಿಹಿಗೆಣಸು ಆಲೂಗಡ್ಡೆಗೆ ಹತ್ತಿರದ ನೆಂಟನೇ ಅಲ್ಲ ಸಾರ್. ನಿಮ್ಮ ಕಾಂಪೌಂಡಿನ ಮೇಲೆ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತಲ್ಲ ಆ ನೀಲಿ ಹೂವಿನ ಬಳ್ಳಿ, ಅದರ ಕುಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. ಸುವರ್ಣಗಡ್ಡೆ ಕೆಸುವಿನ ಮನೆತನ. ಮರಗೆಣಸು ಹರಳುಗಿಡದ ಬಳಗ. ನಿಜವಾದ ಗೆಣಸಿನ ಮನೆತನ ಯಾವುದು ಹೇಳಿ? ಹೆಗ್ಗೆಣಸು, ಕೊಡಗಿನವರ ಪುತ್ತರಿ ಗೆಣಸು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಲ್ಲಿ ಅಗೆದು ತರುವ ನೂರೆ ಗೆಣಸು!” ಹೇಳುವುದೆಲ್ಲ ಸತ್ಯವೇ. ಅದೇ ಕಷ್ಟ. ಸುಳ್ಳು ಹೇಳುವವರನ್ನಾದರೆ ನಡುವೆ ತಡೆಯಬಹುದು.

ಸಂಬಂಧಿಕರ ಮದುವೆಯಲ್ಲೊಮ್ಮೆ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಕೂತಿದ್ದರು. ಬಡಿಸುವ ಹುಡುಗ ಬಕೆಟ್ಟು ಹಿಡಿದು “ಗೆಣಸಿನ ಪಲ್ಯ, ಗೆಣಸಿನ ಪಲ್ಯ” ಎನ್ನುತ್ತ ಬಂದ. ರಾಯರು ಎಲೆಯ ಮೇಲೆ ಅಡ್ಡ ಕೈ ಇಟ್ಟರು. “ತಮ್ಮಾ, ನಿಲ್ಲು. ಇದು ಸುವರ್ಣಗಡ್ಡೆ. ಗೆಣಸು ಬೇರು, ಇದು ನೆಲದೊಳಗಿನ ಕಾಂಡ. ನೀನು ಹೀಗೆ ತಪ್ಪು ಕೂಗಿಕೊಂಡು ಹೋದರೆ...” ಹುಡುಗ ನಿಂತ. ಹಿಂದೆ ಕೋಸಂಬರಿಯವನು ನಿಂತ, ಅವನ ಹಿಂದೆ ಚಿತ್ರಾನ್ನದವನು ನಿಂತ. ಕಡೆಗೆ ಅಡುಗೆ ಭಟ್ಟರ ಕೂಗು ಕೇಳಿ ಮೂವರೂ ಒಟ್ಟಿಗೆ ಮುಂದಕ್ಕೆ ಓಡಿದರು. ರಾಯರ ಎಲೆಯ ಆ ಮೂಲೆ ಹಪ್ಪಳ ಬರುವವರೆಗೂ ಖಾಲಿಯಿತ್ತು. ಅದು ಅವರಿಗೆ ತಿಳಿಯಲೂ ಇಲ್ಲ. ಬೇರಿಗೂ ಕಾಂಡಕ್ಕೂ ಇರುವ ವ್ಯತ್ಯಾಸವನ್ನು ನನಗೆ ಹೇಳುತ್ತಿದ್ದರು.

ಗೆಡ್ಡೆಯ ವಿಷಯ ಇಷ್ಟೆಲ್ಲ ತಿಳಿದವರಿಗೆ ಗೆಡ್ಡೆಯನ್ನು ಎಲ್ಲಿಡಬೇಕೆಂಬುದು ತಿಳಿದಿರಲಿಲ್ಲ. ತಳ್ಳುಗಾಡಿಯಿಂದ ತಂದ ಗೆಣಸನ್ನು ತೊಳೆದು, ಒರೆಸಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದರು. ಥಂಡಿಗೆ ಗೆಣಸಿನ ನಡುಭಾಗ ಗಟ್ಟಿಯಾಗುತ್ತದೆ, ಎಷ್ಟು ಬೇಯಿಸಿದರೂ ಅಷ್ಟು ಮಾತ್ರ ಮಿದುವಾಗುವುದಿಲ್ಲ. ಕುಕ್ಕರ್ ನಾಲ್ಕನೇ ಸಲ ಕೂಗಿದ ಮೇಲೂ ಚಾಕು ಇಳಿಯದಾಗ ರಾಯರು ತಳ್ಳುಗಾಡಿಯ ತಾಯಮ್ಮನ ಬಳಿ ತಗಾದೆ ತೆಗೆದರು. ಆಕೆ ಗೆಣಸೊಂದನ್ನು ತಿರುವಿ ನೋಡಿ ಹೇಳಿದ್ದು ಇಷ್ಟೇ: “ತಣ್ಣಗಿರೋ ಪೆಟ್ಗೇಲಿ ಮಡಗಿದ್ರಾ ಬುದ್ಧಿ? ಅದು ಮಣ್ಣೊಳಗಿರೋ ಜೀವ. ತೊಳೀದೆ ಬುಟ್ಟೀಲಿ ಬಿಡಿ, ನಾಕ್ ದಿನ ಕಳೀಲಿ, ತಾನೇ ಸೀಯಾಯ್ತದೆ.” ಕಿತ್ತ ಮೇಲೆ ಇಟ್ಟಷ್ಟೂ ಗೆಣಸಿನ ಪಿಷ್ಟ ಸ್ವಲ್ಪಸ್ವಲ್ಪವೇ ಸಕ್ಕರೆಯಾಗುತ್ತದೆಂಬುದನ್ನು ರಾಯರು ಅದೇ ಸಂಜೆ ಎಲ್ಲೋ ಓದಿ, ಮಾರನೆಯ ಬೆಳಿಗ್ಗೆ ತಾಯಮ್ಮನಿಗೇ ಅರ್ಧ ಗಂಟೆ ವಿವರಿಸಿದರು.

ಆದರೆ ಬಡಾವಣೆ ಇವತ್ತಿಗೂ ನೆನೆಯುವುದು ಸುವರ್ಣಗಡ್ಡೆಯ ಭಾನುವಾರವನ್ನು.

ವಾಕಿಂಗ್ ಗೆಳೆಯರನ್ನೆಲ್ಲ ರಾಯರು ‘ಶುದ್ಧ ಉಪಾಹಾರ’ಕ್ಕೆ ಕರೆದಿದ್ದರು. ಎಣ್ಣೆ ಇಲ್ಲ, ಹುರಿಯುವುದಿಲ್ಲ, ಕರಿಯುವುದಿಲ್ಲ. ಬರೀ ಹಬೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಏನೂಂದ್ರೆ, ಗಡ್ಡೆ ಇನ್ನೂ ಹಸೀದು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿ. ಹುಣಸೆನೀರಿಗೆ ಹಾಕಿ, ಇಲ್ಲಾ ಹುಳಿ ಮಜ್ಜಿಗೆಗಾದ್ರೂ ಹಾಕಿ” ಎಂದರು. ಹುಣಸೆಹುಳಿ ಸೇರಿದರೆ ಪೋಷಕಾಂಶ ನಾಶವಾಗುತ್ತದೆ ಎಂದರು ರಾಯರು. ಇದೊಂದನ್ನು ಎಲ್ಲಿ ಓದಿದ್ದರೋ ಕಾಣೆ. ಬರೀ ಕೈಯಲ್ಲಿ ಸಿಪ್ಪೆ ತೆಗೆದರು, ಹೋಳು ಮಾಡಿದರು, ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸಿ, ಮೇಲೆ ಮೆಣಸಿನಪುಡಿ ಉದುರಿಸಿ ಬಡಿಸಿದರು. ಮೊದಲ ತುತ್ತಿಗೆ ಎಲ್ಲರೂ ಹೊಗಳಿದೆವು. ಎರಡನೆಯದಕ್ಕೆ ನಿವೃತ್ತ ಹೆಡ್‌ಮಾಸ್ಟರರು ಹೊಗಳುವುದನ್ನು ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳತೊಡಗಿದರು. ಮೂರನೆಯದಕ್ಕೆ ಯಾರೂ ಉಳಿದಿರಲಿಲ್ಲ. ಒಬ್ಬರು ನಲ್ಲಿಯ ಹತ್ತಿರ, ಒಬ್ಬರು ಮಜ್ಜಿಗೆ ಕೇಳುತ್ತ ಅಡುಗೆಮನೆಯಲ್ಲಿ, ಮತ್ತೊಬ್ಬರು ನಾಲಿಗೆಯನ್ನು ಕರ್ಚೀಫಿನಲ್ಲಿ ಉಜ್ಜುತ್ತ ಗೇಟಿನಾಚೆ. ರಾಯರ ಮುಂಗೈ ಕೆಂಪಾಗಿತ್ತು, ತುಟಿ ಊದಿತ್ತು. ಆದರೂ ವಿಷಯ ಬಿಡಲಿಲ್ಲ. “ಕ್ಯಾಲ್‌ಶಿಯಂ ಆಕ್‌ಶಲೇಟು! ಶೂಜಿ ಥರದ ಹರಳು ಶಾರ್! ಕಣ್ಣಿಗೆ ಕಾಣಲ್ಲ, ಚರ್ಮಕ್ಕೆ ಚುಚ್ಚುತ್ತೆ!” ಎಂದು ವಿವರಿಸುತ್ತಲೇ ತಮ್ಮ ಕೈ ಕೆರೆದುಕೊಂಡರು, ಹೆಡ್‌ಮಾಸ್ಟರರ ಬೆನ್ನೂ ತಟ್ಟಿದರು. ಮಾರನೆಯ ದಿನ ಕೆರೆಯ ಬಳಿ, ಅದು ದೇಹದೊಳಗಿನ ಹಳೇ ವಿಷ ಹೊರಗೆ ಹೋದ ಲಕ್ಷಣ ಎಂದರು. ಮಗನಿಗೆ ಕಿಡ್ನಿಯಲ್ಲಿ ಕಲ್ಲಾಗಿ ಆಕ್ಸಲೇಟಿನ ಕಷ್ಟವನ್ನು ಕಂಡಿದ್ದ ಹೆಡ್‌ಮಾಸ್ಟರರು ಅಂದಿನಿಂದ ಸಂಜೆ ನಡೆಯುತ್ತಾರೆ.

ಅದೇ ಗಡ್ಡೆಯ ಉಳಿದ ಅರ್ಧದಲ್ಲಿ ರಾತ್ರಿ ಮಜ್ಜಿಗೆಹುಳಿ ಆಯಿತು. ನನ್ನ ಮನೆಗೂ ಒಂದು ಡಬ್ಬಿ ಬಂತು. ತುರಿಕೆಯ ಸುಳಿವೂ ಇರಲಿಲ್ಲ. ಇಂಥ ಗಡ್ಡೆಯನ್ನು ಹಬೆಯಲ್ಲಿಟ್ಟು ಶುದ್ಧಿ ಮಾಡಲು ಹೊರಡುವ ಧೈರ್ಯ ಗಂಡಸರಿಗೆ ಮಾತ್ರ ಬರುತ್ತದೇನೋ.

ಸಿಹಿಗೆಣಸಿನ ವಿಷಯದಲ್ಲಿ ರಾಯರು ಇನ್ನೂ ಕಟ್ಟುನಿಟ್ಟು. ಸಿಪ್ಪೆ ಸಮೇತ ನೀರಿನಲ್ಲಿ ಬೇಯಿಸಬೇಕು. ಬೇಯಿಸಿದ್ದು ರಕ್ತಕ್ಕೆ ಸಕ್ಕರೆಯನ್ನು ನಿಧಾನವಾಗಿ ಬಿಡುತ್ತದೆ, ಸುಟ್ಟದ್ದು ಬೇಗ ಬಿಡುತ್ತದೆ. ಕೆಂಡದ ನಿಧಾನದ ಕಾವಿಗೆ ಗೆಣಸಿನೊಳಗಿನ ಕಿಣ್ವವೇ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆ ಮಾಡುತ್ತದೆ, ಸುಟ್ಟ ಗೆಣಸಿಗೆ ಆ ರುಚಿ ಬರುವುದೂ ಅದರಿಂದಲೇ. ಇದನ್ನು ಹೇಳುವಾಗ ರಾಯರ ಕೈಯಲ್ಲಿ ಸಾಧಾರಣವಾಗಿ ಸುಟ್ಟ ಗೆಣಸೇ ಇರುತ್ತದೆ. “ಇದು ಉದಾಹರಣೆಗೆ ತಂದದ್ದು” ಎನ್ನುತ್ತಾರೆ.

ಅಡುಗೆಮನೆ ಕಟ್ಟೆಯ ಮೇಲೆ ಒಂದು ತಕ್ಕಡಿಯೂ ಬಂದಿದೆ. 100 ಗ್ರಾಂ ಗೆಣಸಿಗೆ ಸುಮಾರು 86 ಕ್ಯಾಲೊರಿ, 3 ಗ್ರಾಂ ನಾರು. ಅಷ್ಟೇ ಅನ್ನಕ್ಕೆ 130 ಕ್ಯಾಲೊರಿ, ನಾರು ಲೆಕ್ಕಕ್ಕಿಲ್ಲ. ಈ ಅಂಕಿಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ. ಡಾಕ್ಟರರು ಹೇಳಿದ್ದು, “ಒಂದು ಹೊತ್ತು ಅನ್ನದ ಬದಲು ಗೆಣಸು ತಿನ್ನಿ” ಎಂದು. ರಾಯರ ಕಿವಿಗೆ ‘ಗೆಣಸು ತಿನ್ನಿ’ ಮಾತ್ರ ಬಿತ್ತು. ಗ್ರಾಂ ಲೆಕ್ಕದಲ್ಲಿ ಗೆಣಸು ತೂಗಿ ತಿಂದು, ಕೈ ತೊಳೆದು, ಆಮೇಲೆ ಊಟಕ್ಕೆ ಕೂರುತ್ತಿದ್ದರು. ಅನ್ನವನ್ನು ತೂಗುವ ಯೋಚನೆ ಅವರಿಗೆ ಬಂದದ್ದನ್ನು ಯಾರೂ ಕಂಡಿಲ್ಲ.

ಸಂಕ್ರಾಂತಿಗೆ ಸೊಸೆ ಬಂದಿದ್ದಳು. ಬೆಳಗಾವಿ ಕಡೆಯ ಹುಡುಗಿ. ಗೆಣಸು ಚೀಲಗಟ್ಟಲೆ ಬೆಳೆಯುವ ಸೀಮೆ. ನಮ್ಮ ಕಡೆ ಹಬ್ಬಕ್ಕೆ ಗೆಣಸು, ಅವರೆಕಾಯಿ, ಕಡಲೆಕಾಯಿ ಬೇಯಿಸಿ ಕಬ್ಬಿನ ಜೊತೆ ಇಟ್ಟರೆ ಮುಗಿಯಿತು. ಆಕೆ ಗೆಣಸಿನ ಹೂರಣ ಅರೆದು, ಬೆಲ್ಲ ಏಲಕ್ಕಿ ಹಾಕಿ, ಹೋಳಿಗೆಯನ್ನೇ ಮಾಡಿಬಿಟ್ಟಳು. “ಮಾವಾರ, ತುಪ್ಪ ಹಾಕ್ಲೇನ್ರಿ?”

ರಾಯರು ಕಣ್ಣುಮುಚ್ಚಿ ಯೋಚಿಸಿದರು. “ಹಾಕಮ್ಮ. ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್ ಇರುತ್ತೆ, ಅದೇ ದೇಹದಲ್ಲಿ ಎ ವಿಟಮಿನ್ ಆಗೋದು. ಜಿಡ್ಡಿಲ್ಲದೆ ಅದು ಮೈಗೆ ಹತ್ತೋದಿಲ್ಲ. 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದ ನಾಲ್ವರಲ್ಲಿ ಮೂವರಿಗೆ ಅದು ಬಂದದ್ದೇ ಗೆಣಸಿನ ಕೆಲಸಕ್ಕೆ, ಗೊತ್ತಾ?”

“ತಾತ, ಅದು ಕಿತ್ತಳೆ ಬಣ್ಣದ ಗೆಣಸು,” ಎಂದ ಎಂಟನೇ ಕ್ಲಾಸಿನ ಮೊಮ್ಮಗ. “ಆಫ್ರಿಕಾದಲ್ಲಿ ಬೆಳೆಸಿದ್ದು. ನೀವೇ ಫಾರ್ವರ್ಡ್ ಮಾಡಿದ್ರಲ್ಲ. ತಿರುವನಂತಪುರದ ಸಂಸ್ಥೆಯವರು ಮಾಡಿರೋ ಭೂ ಸೋನ ಅನ್ನೋ ತಳೀಲೂ ಇದೆ. ಇದು ಬಿಳೀದು. ಇದರಲ್ಲಿ ಕ್ಯಾರೊಟಿನ್ ಇಲ್ಲವೇ ಇಲ್ಲ ಅನ್ನೋ ಹಾಗೆ.”

ತುಪ್ಪದ ಮಿಳ್ಳೆ ಗಾಳಿಯಲ್ಲಿ ನಿಂತಿತು. ರಾಯರು ಮೊಮ್ಮಗನ ತಲೆ ಸವರಿದರು. “ಭೇಷ್. ಇಲ್ಲವೇ ಇಲ್ಲ ಅನ್ನೋ ಹಾಗೆ ಅಂದರೆ ಎಲ್ಲೋ ಒಂದಿಷ್ಟು ಇದೆ ಅಂತ ತಾನೇ? ಅಷ್ಟಾದರೂ ವ್ಯರ್ಥವಾಗಬಾರದಲ್ಲ. ಹಾಕಮ್ಮ ತಾಯಿ.”

ಹಾಗೆ ಮೂರು ಹೋಳಿಗೆಗಳ ಕ್ಯಾರೊಟಿನ್ ಉಳಿಯಿತು.

ಇಷ್ಟೆಲ್ಲ ಆದ ಮೇಲೂ ಮೊನ್ನೆ ಬಂದ ವರದಿಯಲ್ಲಿ ರಾಯರ ಮೂರು ತಿಂಗಳ ಸರಾಸರಿ ಸಕ್ಕರೆ ಇಳಿದಿದೆ. ದಪ್ಪಕ್ಷರ ಹೋಗಿ ಸಾಧಾರಣ ಅಕ್ಷರ ಬಂದಿದೆ. ವರದಿಯ ಫೋಟೊ ವಾಕಿಂಗ್ ಗುಂಪಿಗೆ ಬಂತು, ಕೆಳಗೆ ‘ಗೆಣಸಿನ ಮಹಿಮೆ’ ಎಂದಿತ್ತು, ಅದರ ಕೆಳಗೆ ಕೈಮುಗಿದ ಚಿತ್ರಗಳು ಇಪ್ಪತ್ತು. ನನಗೆ ಅನುಮಾನ. ಹೋಳಿಗೆಯ ದಿನ ನಾನೂ ಅಲ್ಲೇ ಇದ್ದೆ. ಡಬ್ಬಿ ಹಿಂತಿರುಗಿಸುವ ನೆಪದಲ್ಲಿ ಹೋದಾಗ ರಾಯರು ಮನೆಯಲ್ಲಿರಲಿಲ್ಲ, ಅವರ ಹೆಂಡತಿಯನ್ನೇ ಕೇಳಿದೆ.

ಆಕೆ ಅಡುಗೆಮನೆಗೆ ಹೋಗಿ ಎರಡು ಸೌಟು ತಂದು ತೋರಿಸಿದರು. ಒಂದು ಅನ್ನ ಬಡಿಸುವ ಹಳೆಯ ಅಗಲದ ಸೌಟು. ಇನ್ನೊಂದು ಚಟ್ನಿಯದು.

“ಇದರಲ್ಲಿ ಎರಡು ಸಲ ಹಾಕ್ತೀನಿ, ಅಷ್ಟೆ. ಮಾತಾಡ್ತಾ ಇರ್ತಾರಲ್ಲ, ಎಲೆ ನೋಡೋದೇ ಇಲ್ಲ. ಆದ್ರೆ ನೀವು ಮಾತ್ರ ಹೇಳ್ಬೇಡಿ. ಹೇಳಿದ್ರೆ ನಾಳೆಯಿಂದ ಸೌಟಿನ ಮೇಲೆ ಶುರು ಮಾಡ್ತಾರೆ.”