ರವಿಕೆ ಕಣ ಸಂಚಾರ ಮೀಮಾಂಸೆ

ವಯಸ್ಸಿಗೆ ಬಂದವರು ಹಬ್ಬಹರಿದಿನಗಳಲ್ಲಿ ಪರಸ್ಪರ ಉಡುಗೊರೆ ಕೊಟ್ಟುಕೊಳ್ಳುವ ಪದ್ಧತಿಯು ಮುಂದುವರಿಯತಕ್ಕದ್ದೋ ನಿಲ್ಲತಕ್ಕದ್ದೋ ಎಂಬ ಪ್ರಶ್ನೆಯನ್ನು ವಿಚಾರಶೀಲರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದರೂ, ವರಮಹಾಲಕ್ಷ್ಮೀ ವ್ರತದಿಂದ ಹೊರಟು, ಗೌರಿಹಬ್ಬವನ್ನು ಹಾದು, ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ಮನೆಗಳವರೆಗೆ, ಎಲೆ ಅಡಿಕೆ ತೆಂಗಿನಕಾಯಿಗಳ ಸಹವಾಸದಲ್ಲಿ, ಮಡಿಕೆ ಬಿಚ್ಚದೆ ಸಂಚರಿಸುವ ರವಿಕೆ ಕಣವನ್ನು ಆಧಾರವಾಗಿಟ್ಟುಕೊಂಡು ಅದನ್ನು ಪರೀಕ್ಷಿಸುವ ಸಾಹಸಕ್ಕೆ ನಮ್ಮ ಪಂಡಿತರು ಕೈಹಾಕಿದಂತೆ ಕಾಣದ ಕಾರಣ, ಆ ಭಾರವನ್ನು ಈ ಲೇಖಕನು ಹೊರಬೇಕಾಗಿ ಬಂದಿದೆ.

ಮೊದಲು ಲಕ್ಷಣ. ಒಂದು ಮೀಟರಿಗಿಂತ ತುಸು ಕಡಿಮೆ ಉದ್ದದ್ದೂ, ಮನೆಯಲ್ಲಿರುವ ಯಾವ ಸೀರೆಗೂ ಹೊಂದದ ಬಣ್ಣದ್ದೂ ಆದ ವಸ್ತ್ರಖಂಡವೇ ಕಣ. ಹಲವು ಮನೆ ಕಂಡ ಪ್ರೌಢ ಕಣವನ್ನು ಗುರುತಿಸುವುದು ಕಷ್ಟವಲ್ಲ: ಮಡಿಕೆಯ ಅಂಚಿನಲ್ಲಿ ಬಣ್ಣ ಮಾಸಿದ ಗೆರೆ, ಮೂಲೆಯಲ್ಲೊಂದು ಅರಿಶಿನದ ಬೆರಳಚ್ಚು, ಬೆಲೆಚೀಟಿ ಕಿತ್ತೆಡೆಯಲ್ಲಿ ದೂಳು ಹಿಡಿದ ಅಂಟು, ಒಟ್ಟಾರೆ ನುಸಿಗುಳಿಗೆಯ ಗಂಧ.

ಇನ್ನು ಪೂರ್ವಪಕ್ಷ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ತೆಗೆದು, ಪಡೆದವರ ದೃಷ್ಟಿಯಲ್ಲಿ ವಸ್ತುವಿನ ಬೆಲೆ ಕೊಟ್ಟವರು ತೆತ್ತ ಹಣಕ್ಕಿಂತ ಕಡಿಮೆಯಾಗುವುದರಿಂದ ಹತ್ತರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ವೃಥಾ ನಷ್ಟವಾಗುತ್ತದೆಂದು ಸಾಧಿಸಿದರು. ಈ ಮಹನೀಯರು ಪರೀಕ್ಷಿಸಿದ್ದು ಉಪಯೋಗಿಸಲೆಂದು ಕೊಟ್ಟ ವಸ್ತುಗಳನ್ನು. ಕಣವನ್ನಾದರೋ ಯಾರೂ ಉಪಯೋಗಿಸುವುದಿಲ್ಲವಾದ್ದರಿಂದ ಅದು ಸವೆಯುವುದಿಲ್ಲ. ಪಡೆದವಳು ಪೂರ್ಣ ಮೌಲ್ಯದೊಡನೆ ಮುಂದಿನ ಮನೆಗೆ ದಾಟಿಸುತ್ತಾಳೆ. ಅಂಗಡಿಯಲ್ಲಿ ಒಮ್ಮೆ ತೆತ್ತ ಹಣವು ಹತ್ತಾರು ಮುತ್ತೈದೆಯರ ಸತ್ಕಾರಕ್ಕೆ ಒದಗುತ್ತದೆ. ಇದು ನಷ್ಟವೆಂದಾದರೆ ಲಾಭವಾವುದು?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಪ್ರತ್ಯುಪಕಾರದ ಆಸೆಯಿಂದ ಕೊಟ್ಟ ದಾನವು ರಾಜಸವೆಂದು ಭಗವದ್ಗೀತೆಯ 17ನೆಯ ಅಧ್ಯಾಯವು ವಿಧಿಸಿರುವುದರಿಂದ, ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರವು ಸಾತ್ತ್ವಿಕವಾಗಲಾರದೆಂದು ಕೆಲವರು ಶಂಕಿಸುತ್ತಾರೆ. ಆದರೆ ತಾನು ಕೊಟ್ಟ ಆ ನವಿಲುಗರಿ ಬಣ್ಣದ ಕಣವು ಯಾವ ರೂಪದಲ್ಲಿಯೂ ತನ್ನ ಬೀರುವಿಗೆ ಮರಳದಿರಲಿ ಎಂದು ಗೃಹಿಣಿಯು ಅಂತಃಕರಣಪೂರ್ವಕವಾಗಿ ಪ್ರಾರ್ಥಿಸುವುದನ್ನು ಬಲ್ಲವರು, ಫಲಾಪೇಕ್ಷೆಯಿಲ್ಲದ ದಾನಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವಿಲ್ಲವೆಂದು ಒಪ್ಪಲೇಬೇಕು.

ದೇಶಾಂತರದ ದೃಷ್ಟಾಂತವೂ ನಮಗೆ ಅನುಕೂಲವಾಗಿದೆ. ಮಲಿನೋವ್‌ಸ್ಕಿ ಎಂಬ ವಿದ್ವಾಂಸನು 1922ರ ತನ್ನ ಗ್ರಂಥದಲ್ಲಿ ವರ್ಣಿಸಿರುವಂತೆ, ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ಮೊದಲಾದ ದ್ವೀಪಗಳವರು ‘ಕುಲ’ ಎಂಬ ವ್ಯವಸ್ಥೆಯಲ್ಲಿ ಕೆಂಪು ಚಿಪ್ಪಿನ ಹಾರಗಳನ್ನು ಪ್ರದಕ್ಷಿಣವಾಗಿಯೂ ಬಿಳಿ ಚಿಪ್ಪಿನ ತೋಳ್ಬಳೆಗಳನ್ನು ಅಪ್ರದಕ್ಷಿಣವಾಗಿಯೂ ದೋಣಿಗಳಲ್ಲಿ ಸಾಗಿಸುತ್ತಾರೆ. ತೋಳ್ಬಳೆಗಳಲ್ಲಿ ಅನೇಕವು ಯಾರ ತೋಳಿಗೂ ಏರವು. ಬಹುಕಾಲ ಇಟ್ಟುಕೊಂಡವನು ಜಿಪುಣನೆನಿಸುತ್ತಾನೆ. ಸಮುದ್ರ ದಾಟುವ ಶ್ರಮವೊಂದನ್ನು ಬಿಟ್ಟರೆ ಮಲ್ಲೇಶ್ವರಕ್ಕೂ ಆ ದ್ವೀಪಗಳಿಗೂ ಶಾಸ್ತ್ರದೃಷ್ಟಿಯಿಂದ ಭೇದವಿಲ್ಲ.

ಆದುದರಿಂದ ಸಿದ್ಧಾಂತವಿದು: ವಯಸ್ಕರ ಉಡುಗೊರೆಯು ಅವಶ್ಯವಾಗಿ ಮುಂದುವರಿಯತಕ್ಕದ್ದು, ಯಾರೂ ಅದನ್ನು ಬಳಸತಕ್ಕದ್ದಲ್ಲ. ಅನುಷ್ಠಾನಕ್ಕೆ ಮೂರು ನಿಯಮಗಳು ಸಾಕು. ಕೊಟ್ಟವರ ಹೆಸರು ಬರೆದ ಚೀಟಿಯನ್ನು ಕಣಕ್ಕೆ ಗುಂಡುಸೂಜಿಯಿಂದ ಸಿಕ್ಕಿಸಿಡುವುದು. ಮುಂದಕ್ಕೆ ಕೊಡುವಾಗ ಆ ಚೀಟಿಯನ್ನು ಮರೆಯದೆ ತೆಗೆಯುವುದು. ಒಂದು ವೇಳೆ ಯಾವಳಾದರೂ ದುರ್ಬುದ್ಧಿಯಿಂದ ಕಣವನ್ನು ದರ್ಜಿಗೆ ಕೊಟ್ಟು ಹೊಲಿಸಿಕೊಂಡು ತೊಟ್ಟದ್ದು ರುಜುವಾತಾದರೆ, ಲೋಕದ ಚಲಾವಣೆಯಿಂದ ಒಂದು ನಾಣ್ಯವನ್ನು ಕರಗಿಸಿದ ದೋಷವು ಆಕೆಗೆ ಬರುವುದರಿಂದ, ಮುಂದಿನ ಶ್ರಾವಣದೊಳಗಾಗಿ ಎರಡು ಹೊಸ ಕಣಗಳನ್ನು ಸ್ವಂತ ಖರ್ಚಿನಿಂದ ಕೊಂಡು ಸಂಚಾರಕ್ಕೆ ಬಿಡುವುದೇ ಪ್ರಾಯಶ್ಚಿತ್ತ. ಅವುಗಳಲ್ಲಿ ಒಂದಾದರೂ ಯಾವ ಸೀರೆಗೂ ಹೊಂದದ ಬಣ್ಣದ್ದಾಗಿರಬೇಕು.