ಕೋವಿಗೆ ಇಸ್ತ್ರಿ

ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವ ಹಕ್ಕನ್ನು ನಾನು ಕಳೆದುಕೊಂಡು ಏಳು ತಿಂಗಳಾಯಿತು. ಅಂಗಿಯೋ ಪಂಚೆಯೋ ಸುಟ್ಟಿದ್ದರೆ ಇಷ್ಟರಲ್ಲಿ ಕ್ಷಮೆ ಸಿಗುತ್ತಿತ್ತು. ನಾನು ಸುಟ್ಟದ್ದು ಕೋವಿಯನ್ನು. ಕೋವಿಯಿಂದ ಸುಟ್ಟವರ ಕತೆ ಮಲೆನಾಡಿನಲ್ಲಿ ಬೇಕಾದಷ್ಟಿದೆ. ಕೋವಿಯನ್ನೇ ಸುಟ್ಟವನು ಈ ಸೀಮೆಗೆಲ್ಲ ನಾನೊಬ್ಬನೇ ಇರಬೇಕು.

ಅತ್ತೆಯ ಕಡೆಯ ದೂರದ ನೆಂಟರೊಬ್ಬರು ತೋಟ ಮಾರಿ ಬೆಂಗಳೂರಿನ ಮಗನ ಮನೆಗೆ ಹೊರಟರು. ಎಂಟನೇ ಮಹಡಿ. ಅಲ್ಲಿಗೆ ಮಂಗವೂ ಬರುವುದಿಲ್ಲ, ಹಂದಿಯೂ ಬರುವುದಿಲ್ಲ. ಹಾಗಾಗಿ ಅವರ ಒಂಟಿನಳಿಗೆ ತೋಟಾಕೋವಿ ಮಾರಾಟಕ್ಕೆ ಬಂತು. “ಎಂಟು ಸಾವಿರ ಕೊಡು ಮಾರಾಯ, ಮನೆಯವನು ಅಂತ ಹೇಳ್ತಿದೀನಿ” ಎಂದರು. ವ್ಯಾಪಾರದಲ್ಲಿ ಯಾರಾದರೂ ನಿಮ್ಮನ್ನು ಮನೆಯವನು ಎಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು ಎಂದು ಅಪ್ಪ ಹೇಳುತ್ತಿದ್ದರು. ನಾನು ಮುಟ್ಟಿ ನೋಡಿಕೊಂಡೆ, ಎಂಟು ಸಾವಿರ ಇತ್ತು, ಕೊಟ್ಟೆ. ತೋಟಕ್ಕೊಂದು ತೋಟಾಕೋವಿ ಎಂಬ ಪ್ರಾಸವೇ ನನ್ನನ್ನು ಅರ್ಧ ಕೆಡಿಸಿತ್ತು.

ಬೆಳೆರಕ್ಷಣೆಯ ಲೈಸೆನ್ಸು ಮೊದಲೇ ಇತ್ತು. ಅಪ್ಪನ ಕಾಲದ ಕೇಪಿನ ಕೋವಿಯನ್ನು ಸರಕಾರಕ್ಕೆ ಒಪ್ಪಿಸಿದ ಮೇಲೆ ಅದರ ಜಾಗ ಖಾಲಿ ಬಿದ್ದಿತ್ತು. ಆದರೂ ಒಂದು ಕೋವಿ ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಬರುವುದೆಂದರೆ ಹೆಣ್ಣು ಗಂಡಿನ ಮನೆಗೆ ಬಂದಷ್ಟು ಸುಲಭವಲ್ಲ. ಜಿಲ್ಲಾಧಿಕಾರಿ ಕಚೇರಿಗೆ ಆರು ಸಲ ಓಡಾಡಿದೆ. ಬಸ್ ಚಾರ್ಜು, ಜೆರಾಕ್ಸು, ಮಸಾಲೆದೋಸೆ ಎಲ್ಲ ಕೂಡಿಸಿದರೆ ಕೋವಿಗೆ ಕೊಟ್ಟ ಹಣವೇ ಚಿಲ್ಲರೆಯಂತೆ ಕಂಡಿತು.

ಕೊಡಗಿನಲ್ಲಿ ಹುಟ್ಟಬೇಕಿತ್ತು ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಗೊಡವೆಯಿಂದ ವಿನಾಯಿತಿ ಇದೆ. ಅದನ್ನು ಪ್ರಶ್ನಿಸಿ ಹೋದ ಅರ್ಜಿಯಲ್ಲಿ ನಮ್ಮ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನೇ ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ. ನಮ್ಮ ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯೇ ಆ ಹೂವು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮ್ಮಲ್ಲಿ ಹುಟ್ಟಿಗೂ ಸಾವಿಗೂ ವಾಟ್ಸಾಪು.

ಬೇಟೆಯ ಗೀಳೆಂದು ತಿಳಿಯಬೇಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ, ಕಾನೂನಿನ ಪ್ರಕಾರ, ನಮ್ಮಲ್ಲಿ ಬೇಟೆ ಉಳಿದಿರುವುದು ಮುದುಕರ ಬಾಯಲ್ಲಿ ಮಾತ್ರ. ಅಲ್ಲಿ ಹಂದಿ ವರ್ಷವರ್ಷಕ್ಕೂ ದಪ್ಪವಾಗುತ್ತಿದೆ. ನನಗೆ ಬೇಕಿದ್ದದ್ದು ಎಳೆ ಅಡಿಕೆ ಉದುರಿಸುವ ಮಂಗಗಳ ಕಿವಿಗೆ ಒಂದು ಶಬ್ದ. ಅದಕ್ಕೆ ಗರ್ನಾಲು ಸಾಲದೆ ಎಂದು ಮನೆಯವಳು ಕೇಳಿದಳು. ಕೇಳಿಸದವನಂತೆ ಎದ್ದುಹೋದೆ.

ಚೀಲದಿಂದ ಹೊರಬಂದ ಕೋವಿಯನ್ನು ನೋಡಿ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: “ಇದನ್ನ ಗೊಬ್ಬರದ ಗುಂಡಿಯಿಂದ ತೆಗೆದ್ರಾ?” ತಪ್ಪೇನೂ ಇರಲಿಲ್ಲ. ನೆಂಟರದು ಆಗುಂಬೆಯ ಆಸುಪಾಸಿನ ಮನೆ. ವರ್ಷಕ್ಕೆ 7 ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಮಳೆ ಹೊಯ್ಯುವಲ್ಲಿ ಚಪ್ಪಲಿಗೂ ದೇವರ ಪಟಕ್ಕೂ ಒಂದೇ ಬೂಸ್ಟು. ನಳಿಗೆ ಕೆಂಪಗೆ ತುಕ್ಕು ಹಿಡಿದಿತ್ತು. ಭುಜಕ್ಕೆ ಒರಗುವ ಮರಕ್ಕೆ ಯಾವನೋ ಪುಣ್ಯಾತ್ಮ ಕಿಟಕಿಯ ಹಸಿರು ಪೇಂಟು ಬಳಿದಿದ್ದ. ಅದರ ಮೇಲೆ ಮೂರು ನಜ್ಜುಗಳು. ನೆಂಟರು ಅದರಿಂದ ಗೂಟ ಹೊಡೆಯುತ್ತಿದ್ದರೋ ಏನೋ.

ಖಾಲಿ ಇದೆಯೆಂದು ಮೂರು ಸಲ ನೋಡಿಕೊಂಡು ಶಿವಮೊಗ್ಗದ ಕೋವಿ ರಿಪೇರಿ ಅಂಗಡಿಗೆ ಒಯ್ದೆ. ಲೈಸೆನ್ಸು ಇರುವ ಅಂಗಡಿ, ಎಂಬತ್ತು ದಾಟಿದ ಯಜಮಾನರು. ಕನ್ನಡಕ ಹಣೆಗೇರಿಸಿ ನಳಿಗೆಯೊಳಗೆ ಇಣುಕಿದರು. “ರೈಫಲ್ ಹಂಗೆ ಹೊಡೀತದೆ ಅಂದ್ರು” ಎಂದೆ. ಅವರು ನಕ್ಕರು. ರೈಫಲ್ ಎಂದರೆ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರು ಇರಬೇಕಂತೆ. ಗುಂಡು ಬುಗುರಿಯಂತೆ ತಿರುಗಿಕೊಂಡು ಹೋಗುವುದರಿಂದ ಗುರಿ ತಪ್ಪುವುದಿಲ್ಲ. ನನ್ನದು ಒಳಗೆಲ್ಲ ನುಣ್ಣಗೆ, ಚರೆ ಹಾರಿಸುವ 12 ಬೋರು. ಈ 12 ಎಲ್ಲಿಂದ ಬಂತೆಂದೂ ಹೇಳಿದರು. ಒಂದು ಪೌಂಡ್, ಅಂದರೆ 454 ಗ್ರಾಂ ಸೀಸವನ್ನು ಸಮನಾದ 12 ಉಂಡೆ ಕಟ್ಟಿದರೆ ಅದರಲ್ಲಿ ಒಂದು ಉಂಡೆ ಹಿಡಿಸುವಷ್ಟು ಬಾಯಿ. ಮನೆಗೆ ಬಂದು ಇದನ್ನು ದೊಡ್ಡ ಪಂಡಿತನಂತೆ ವಿವರಿಸಿದೆ. “ಹಾಗಾದ್ರೆ 16 ಬೋರಂದ್ರೆ ಸಣ್ಣ ಬಾಯಿ. ರವೆಉಂಡೆ ಲೆಕ್ಕ ಅಲ್ವಾ” ಎಂದು ಅವಳು ಒಗ್ಗರಣೆ ಹಾಕಿದಳು. ನನಗೆ ಆ ತಿರುವುಮುರುವು ಹೊಳೆಯಲು ಬಸ್ಸಿನಲ್ಲಿ ತೀರ್ಥಹಳ್ಳಿ ತನಕ ಬೇಕಾಗಿತ್ತು.

“ಕಬ್ಬಿಣ ನನಗೆ ಬಿಡಿ, ಮರ ನೀವು ನೋಡ್ಕೊಳಿ” ಎಂದು ಯಜಮಾನರು ಮರವನ್ನು ಬಿಚ್ಚಿ ನನ್ನ ಕೈಗಿತ್ತಿದ್ದರು. ನಳಿಗೆಗೆ ಅವರು ಮಾಡಿದ್ದು ಪೇಂಟಲ್ಲ. ಹಳೆ ತುಕ್ಕನ್ನು ತಿಕ್ಕಿ ತೆಗೆದು, ಬೇಕೆಂದೇ ಹೊಸದಾಗಿ ತೆಳ್ಳಗೆ ತುಕ್ಕು ಹಿಡಿಸಿ, ಅದನ್ನು ನೀರಿನಲ್ಲಿ ಕುದಿಸುವುದು. ಕುದಿದಾಗ ಕೆಂಪು ತುಕ್ಕು ಕಪ್ಪಾಗುತ್ತದೆ. ಮತ್ತೆ ತಿಕ್ಕು, ಮತ್ತೆ ತುಕ್ಕು, ಮತ್ತೆ ಕುದಿಸು. ಹೀಗೆ ಹಲವು ಸಲ ಆದ ಮೇಲೆ ನೇರಳೆ ಹಣ್ಣಿನ ಬಣ್ಣ ಬರುತ್ತದೆ; ಆ ಕಪ್ಪು ತುಕ್ಕು ಹೊರಗಿನ ಕೆಂಪು ತುಕ್ಕನ್ನು ತಡೆಯುತ್ತದೆ.

ಮರದ ಕಡೆ ಬರೋಣ. ಬರಲೇಬೇಕು, ಅದೇ ನನ್ನ ಪಾಲಿನ ಕರ್ಮ. ಹಸಿರು ಪೇಂಟು ಕೆರೆಯಲು ನಾಲ್ಕು ದಿನ ಹಿಡಿಯಿತು. ಕೆಳಗೆ ಹದವಾದ ಕಂದು ಬಣ್ಣದ, ಅಲೆ ಅಲೆಯಾದ ಅಕ್ರೋಟು ಮರ ಕಂಡಿತು. ಖುಷಿಯಲ್ಲಿ ಅರ್ಧ ಬಟ್ಟಲು ತೆಂಗಿನೆಣ್ಣೆ ತಿಕ್ಕಿದೆ. ತಲೆಗೆ ಒಳ್ಳೆಯದು ಮರಕ್ಕೆ ಕೆಟ್ಟದ್ದೆ? ತೆಂಗಿನೆಣ್ಣೆ ಒಣಗುವ ಜಾತಿಯದ್ದಲ್ಲ ಎಂದು ತಿಳಿದದ್ದು ಬೆಳಿಗ್ಗೆ, ಇರುವೆಗಳು ಮೆರವಣಿಗೆ ಹೊರಟಾಗ. ಮೂರನೆಯ ರಾತ್ರಿ ಇಲಿಯೂ ಒಂದು ಮೂಲೆ ರುಚಿ ನೋಡಿತು. ಗಾಳಿ ತಾಗಿ ಗಟ್ಟಿಯಾಗಿ ಮರವನ್ನು ಕಾಯುವುದು ಅಗಸೆ ಎಣ್ಣೆ. ಸೋಪು ಹಾಕಿ ಒರೆಸಿ ಒಣಗಿಸಿದೆ.

ಇನ್ನು ನಜ್ಜು. ಉಪ್ಪುಕಾಗದದಲ್ಲಿ ತಿಕ್ಕಿದರೆ ಮರವೇ ಸವೆದುಹೋಗುತ್ತದೆ. ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಹಬೆ ಒಳಗಿಳಿದು ಅದುಮಿಹೋದ ನಾರು ಉಬ್ಬಿ ಮೇಲೇಳುತ್ತದೆ. ಗೌರಿಹಬ್ಬದ ಹಿಂದಿನ ದಿನ, ಮನೆಯವಳು ಬಾಗಿನದ ಗಡಿಬಿಡಿಯಲ್ಲಿದ್ದಾಗ, ಅವಳ ಪೆಟ್ಟಿಗೆ ಎತ್ತಿಕೊಂಡು ಜಗಲಿಗೆ ಬಂದೆ. ಚುಸ್ ಎಂದಿತು. ಬಟ್ಟೆ ಎತ್ತಿ ಬೆರಳಾಡಿಸಿದರೆ ಹಳ್ಳ ಮಾಯ! ಎರಡನೆಯದೂ ಎದ್ದಿತು. ಬಡಗಿಯಾಗಿ ಹುಟ್ಟಬೇಕಿದ್ದವನು ಸುಮ್ಮನೆ ಅಡಿಕೆ ಸುಲಿದು ಕಾಲ ಕಳೆದೆ ಎಂದುಕೊಂಡು ಮೂರನೆಯದರ ಮೇಲೆ ಪೆಟ್ಟಿಗೆ ಇಟ್ಟೆ.

ಆಗ ಮಂಗಗಳು ಬಂದವು.

ಕೋವಿ ಕೊಳ್ಳುವುದಕ್ಕೆ ಕಾರಣವಾದ ಅದೇ ಹಿಂಡು. ಕೋವಿಯ ಅರ್ಧ ಶಿವಮೊಗ್ಗದಲ್ಲಿ, ಅರ್ಧ ಇಸ್ತ್ರಿಪೆಟ್ಟಿಗೆಯ ಕೆಳಗೆ. ಕೈಗೆ ಸಿಕ್ಕ ಡಬ್ಬ ಬಡಿಯುತ್ತ ತೋಟಕ್ಕೆ ಓಡಿದೆ. ಅವನ್ನು ಪಕ್ಕದ ತೋಟಕ್ಕೆ ದಾಟಿಸಿ, ಅಲ್ಲಿಯವರು ನನ್ನ ಕಡೆಗೇ ತಿರುಗಿಸಿ, ಮತ್ತೆ ನಾನು ದಾಟಿಸಿ ಹಿಂದಿರುಗುವಾಗ ಮೂಗಿಗೆ ವಾಸನೆ ಬಡಿಯಿತು. ಒದ್ದೆ ಬಟ್ಟೆ ಒಣಗಿ, ಕರಕಲಾಗಿ, ಮರದ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚುಕಟ್ಟಾಗಿ ಮೂಡಿತ್ತು. ತಳಕ್ಕೆ ಬಟ್ಟೆ ಅಂಟಿಕೊಂಡ ಪೆಟ್ಟಿಗೆಯನ್ನು ಹಿಡಿದು ಮನೆಯವಳು ನಿಂತಿದ್ದಳು. ಏನೂ ಮಾತಾಡಲಿಲ್ಲ. ಹಬ್ಬದ ದಿನ ನಾನು ಮುದ್ದೆಯಾದ ಅಂಗಿಯಲ್ಲೇ ನೆಂಟರನ್ನು ಎದುರುಗೊಂಡೆ.

ಎಷ್ಟು ತಿಕ್ಕಿದರೂ ಆ ಗುರುತು ಪೂರ್ತಿ ಹೋಗಲಿಲ್ಲ. ಅಗಸೆ ಎಣ್ಣೆ ತೆಳ್ಳಗೆ ಏಳು ಸಲ ಹಚ್ಚಿದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದಿದ್ದೆ; ಸಂಜೆ ನೋಡಿದರೆ ಮುದ್ದೆ ತಂತಾನೇ ಬಿಸಿಯಾಗಿ ಹೊಗೆಯಾಡುತ್ತಿತ್ತು. ಅಗಸೆ ಎಣ್ಣೆಯ ಬಟ್ಟೆಯನ್ನು ಬಿಡಿಸಿ ಒಣಹಾಕಬೇಕು, ಇಲ್ಲದಿದ್ದರೆ ಬೆಂಕಿಯೇ ಹತ್ತೀತು. ಇದೊಂದನ್ನು ತಮಾಷೆಗೆ ಹೇಳುತ್ತಿಲ್ಲ.

ಆಯುಧಪೂಜೆಗೆ ಕೋವಿ ಸಿದ್ಧವಾಯಿತು. ನೇರಳೆಯ ನಳಿಗೆ, ಜೇನಿನ ಬಣ್ಣದ ಮರ. ನೋಡಿದವರೆಲ್ಲ ಸುಟ್ಟ ಗುರುತನ್ನೇ ಮೊದಲು ನೋಡಿದರು. ಇಷ್ಟು ಚೆಂದದ್ದನ್ನು ಇಬ್ಬನಿಯಲ್ಲಿ ತೋಟಕ್ಕೆ ಒಯ್ಯಲು ಮನಸ್ಸೇ ಬರಲಿಲ್ಲ. ಒಂದೇ ಒಂದು ಈಡು ಆಕಾಶಕ್ಕೆ ಹಾರಿಸಿದೆ. ಭುಜ ಎರಡು ದಿನ ನೋಯಿತು. ಮಂಗಗಳು ಹದಿನೈದು ನಿಮಿಷ ಬಿಟ್ಟು ಬಂದವು.

ಈಗ ಚುನಾವಣೆ ಘೋಷಣೆಯಾಗಿದೆ. ಪ್ರತಿ ಸಲದಂತೆ ಲೈಸೆನ್ಸುದಾರರು ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದೆ. ಬರೆದುಕೊಳ್ಳುವ ಪೊಲೀಸಿನ ಹುಡುಗ ಕೋವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮರದ ಅಲೆಗಳನ್ನೋ ನಳಿಗೆಯ ಬಣ್ಣವನ್ನೋ ಹೊಗಳುತ್ತಾನೆಂದು ಕಾದೆ. ರಸೀದಿ ಹರಿದು ಕೊಟ್ಟ. ಅದು ನನ್ನ ಜೇಬಿನಲ್ಲೇ ಇದೆ, ಬೇಕಾದರೆ ಬಂದು ನೋಡಿ: “ಹಳೆ ಕೋವಿ, ಒಂದು. ಗುರುತು: ಇಸ್ತ್ರಿಪೆಟ್ಟಿಗೆ.”